ಅಂಚಿಲ್ಲದ ಬಟ್ಟೆ

ನಮ್ಮ ನಡುಮನೆಯ ನೆಲ ಎರಡು ದನಿಯಲ್ಲಿ ಮಾತಾಡುತ್ತಿತ್ತು. ಬಾಗಿಲಿನಿಂದ ಅಡುಗೆಮನೆಯವರೆಗೆ ಗಟ್ಟಿ ನೆಲ. ಎಷ್ಟು ಕುಣಿದರೂ ಸದ್ದಿಲ್ಲ. ಕಿಟಕಿಯ ಕೆಳಗೆ ಬಂದರೆ ಮಾತ್ರ ಡಬ್ ಡಬ್ ಎನ್ನುವುದು. ಅಲ್ಲಿ ತಾತನ ಮಗ್ಗದ ಕುಣಿ ಇತ್ತು. ನೇಯುವವರು ಸೊಂಟದವರೆಗೆ ಇಳಿದು ಕೂತು, ಕೆಳಗೆ ಕಾಲಿನಿಂದ ಹಲಗೆ ತುಳಿಯುತ್ತ, ಮೇಲೆ ಕೈಯಿಂದ ಲಾಳಿ ಓಡಿಸುವ ತಗ್ಗು ಅದು. ತಾತ ತೀರಿಕೊಂಡ ಮೇಲೆ ಮಗ್ಗದ ಚೌಕಟ್ಟನ್ನು ಬಿಚ್ಚಿ ಗೋಡೆಗೆ ಒರಗಿಸಿ, ಕುಣಿಯ ಬಾಯಿಗೆ ಹಲಗೆಗಳನ್ನು ಹಾಸಿ, ಮೇಲೊಂದು ಚಾಪೆ ಹಾಕಿದ್ದರು. ಬಂದ ನೆಂಟರು ಗೊತ್ತಿಲ್ಲದೆ ಆ ಚಾಪೆಯ ಮೇಲೆ ಕೂತರೆ ಅಜ್ಜಿಯ ಮುಖ ಸಿಂಡರಿಸುತ್ತಿತ್ತು. ನನಗೆ ಮಾತ್ರ ಅದು ಆಟದ ಜಾಗ. ಕಣ್ಣು ಮುಚ್ಚಿಕೊಂಡು, ಬೆರಳ ಗೆಣ್ಣಿನಿಂದ ನೆಲ ತಟ್ಟುತ್ತ ಹೋಗಿ, ಮಣ್ಣು ಎಲ್ಲಿ ಮುಗಿಯಿತು, ಟೊಳ್ಳು ಎಲ್ಲಿ ಶುರುವಾಯಿತು ಎಂದು ಹೇಳಿಬಿಡುತ್ತಿದ್ದೆ. ತಪ್ಪಿದ್ದೇ ಇಲ್ಲ. ಈ ವಿದ್ಯೆಯಿಂದ ಯಾರ ಹೊಟ್ಟೆ ತುಂಬುತ್ತದೆಯೋ ಎಂದು ಅಮ್ಮ ಗೊಣಗುತ್ತಿದ್ದಳು.

ತಾತನ ಕುಣಿಯ ಪಕ್ಕದಲ್ಲೇ ಅಪ್ಪನ ಕುಣಿ. ಅಪ್ಪ ಬೆಳಿಗ್ಗೆ ಇಳಿದರೆ ಊಟಕ್ಕೆ ಮಾತ್ರ ಮೇಲೆ ಬರುವವನು. ಅವನ ಬೆನ್ನ ಹಿಂದೆ ರಾಟೆ ಇಟ್ಟುಕೊಂಡು ಅಮ್ಮ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ಸೊಂಟದಲ್ಲಿ ತಮ್ಮ. ಸಿರುಮುಗೈಯ ನಮ್ಮ ಬೀದಿಯಲ್ಲಿ ಎಲ್ಲ ಮನೆಗಳೂ ಹೀಗೆಯೇ ರೇಷ್ಮೆ ಸೀರೆಯ ಮೇಲೆ ನಿಂತಿದ್ದವು. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ನಮ್ಮ ಅರೆಬರೆ ಕನ್ನಡ. ಮಗ್ಗಕ್ಕೆ ತರಿ, ದೋಣಿಗೆ ಪಡಗು ಎಂದು ತಮಿಳಿನ ಹೆಸರುಗಳೇ ನಮ್ಮ ಬಾಯಲ್ಲಿ ಕೂತಿದ್ದವು. ಆದರೆ ಜಗಳಕ್ಕೆ ಮಾತ್ರ ಕನ್ನಡವೇ ಆಗಬೇಕು. ತಮಿಳಿನಲ್ಲಿ ಬೈದರೆ ಅಜ್ಜಿಗೆ ಬೈದಂತೆಯೇ ಅನ್ನಿಸುತ್ತಿರಲಿಲ್ಲ. ಈಗ ಬರೆಯುತ್ತಿರುವ ಈ ಅಕ್ಷರ ಆಗ ನಮ್ಮ ಮನೆಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ಚಿಕ್ಕಮ್ಮ ಅದನ್ನು ನನಗೆ ಕಲಿಸಿದ್ದು ಎಷ್ಟೋ ವರ್ಷ ಆದಮೇಲೆ.

ಚಿಕ್ಕಪ್ಪ ಎಂದರೆ ಅಪ್ಪನ ಒಬ್ಬನೇ ತಮ್ಮ. ಅವನಿಗೆ ಕುಣಿ ಎಂದರೆ ಆಗದು. ಸೊಂಟದವರೆಗೆ ಹೂತು ಕೂರಿಸಿದರೆ ಉಸಿರು ಕಟ್ಟುತ್ತದೆ ಎಂದು ಹೇಳುತ್ತಿದ್ದ, ಅದು ನೆಪವೇನೂ ಆಗಿರಲಿಲ್ಲ. ತಾತ ಹೊಡೆದು ಕೂರಿಸಿದಾಗ ಅವನು ಬೆವರಿ ಬಿಳುಚಿಕೊಂಡಿದ್ದನ್ನು ನಾನು ನೋಡಿದ್ದೇನೆ. ಕೊಯಮತ್ತೂರಿಗೆ ಹೋಗಿ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದ. ವಾಪಸು ಬರುವಾಗ ಅವನ ಜೊತೆ ಟ್ರಾಕ್ಟರಿನಲ್ಲಿ ಒಂದು ಹಳೆಯ ಫೈಬರ್ ದೋಣಿ ಬಂತು, ಹಿಂದೆ ಸಿಕ್ಕಿಸುವ ಇಂಜಿನ್ ಸಮೇತ. ಅಣೆಕಟ್ಟು ತುಂಬಿ ಭವಾನಿಯ ನೀರು ಹಿಂದಕ್ಕೆ ಏರಿದಾಗ ಆಚೆ ದಡದ ಹಳ್ಳಿಗಳಿಗೆ ಹೋಗುವ ಸಣ್ಣ ಸೇತುವೆ ಮುಳುಗುತ್ತದೆ. ಆಗ ಬಾಳೆಗೊನೆ, ಹಾಲಿನ ಕ್ಯಾನು, ಬಸುರಿ ಹೆಂಗಸರು, ಮದುವೆಯ ದಿಬ್ಬಣ, ಎಲ್ಲವೂ ದೋಣಿಯಲ್ಲೇ ದಾಟಬೇಕು. ಅಮ್ಮನ ತವರೂ ಆಚೆ ದಡದಲ್ಲೇ; ಅವರು ಬಾಳೆ ಬೆಳೆಯುವ ನಮ್ಮ ಭಾಷೆಯವರು. ಚಿಕ್ಕಪ್ಪ ದೋಣಿಯ ಹಿಂಭಾಗದಲ್ಲಿ ಇಂಜಿನ್ನಿನ ಹಿಡಿ ಹಿಡಿದು ನಿಂತರೆ ಮನೆಯಲ್ಲಿ ಗೂನು ಹಾಕಿಕೊಂಡು ಓಡಾಡುವ ಮನುಷ್ಯ ಇವನೇನಾ ಎನ್ನಿಸುವಷ್ಟು ಎತ್ತರ ಕಾಣುತ್ತಿದ್ದ.

ಆ ವರ್ಷ ನೀರು ಏರುವ ಮುಂಚೆ ಅವನು ದೋಣಿಯನ್ನು ಮಗುಚಿ ತೊಳೆಯುವಾಗ ನಾನೂ ದಡದಲ್ಲಿದ್ದೆ. ಇಂಜಿನ್ ತಗಲಿಸುವ ಹಿಂಬದಿಯ ಗೋಡೆ ಹೊರಗಿನಿಂದ ನೋಡಿದರೆ ಫೈಬರೇ. ಒಳಗೆ ಮಾತ್ರ ದಪ್ಪ ಮರದ ಹಲಗೆ, ಎರಡು ಕಡೆಯೂ ಫೈಬರಿನ ಚರ್ಮ. ಎಲ್ಲಿಂದಲೋ ಒಂದು ಹಳೆಯ ತೂತಿನಿಂದ ನೀರು ಒಳಗಿಳಿದಿತ್ತು. ಚಿಕ್ಕಪ್ಪ ಸ್ಕ್ರೂಡ್ರೈವರ್ ಚುಚ್ಚಿದ; ಅದು ಹಿಡಿಯವರೆಗೆ ಒಳಗೆ ಹೋಯಿತು. ಎಳೆದಾಗ ತುದಿಯಲ್ಲಿ ಬಂದದ್ದು ಮರವಲ್ಲ, ನೆನೆದ ಹಿಂಡಿಯಂಥ ಕಪ್ಪು ರಾಡಿ.

"ನೋಡು ಕಣ್ಣು," ಅಂದ. ನಮ್ಮ ಕಡೆ ಮಕ್ಕಳನ್ನು ಮುದ್ದಿಗೆ ಕರೆಯುವುದು ಹಾಗೆಯೇ. "ಇಂಜಿನ್ ಪಡಗನ್ನ ತಳ್ಳುತ್ತೆ ಅಂತ ಎಲ್ರೂ ಅಂದ್ಕೊಂಡವ್ರೆ. ಇಲ್ಲ. ಇಂಜಿನ್ ಈ ಹಲಗೇನ ತಳ್ಳುತ್ತೆ. ಹಲಗೆ ಪಡಗನ್ನ ತಳ್ಳುತ್ತೆ. ಇದು ನಡುನೀರಲ್ಲಿ ಕಿತ್ಕೊಂಡ್ರೆ ಇಂಜಿನ್ನೂ ಹೋಯ್ತು, ಹಿಂದಿನ ಗೋಡೆಯೂ ಹೋಯ್ತು. ಜನಾನೂ ಹೋದ್ರು."

ಆ ದಿನ ಮಧ್ಯಾಹ್ನ ಅಕ್ಕಿಬೇಳೆ ಅನ್ನ, ಹುರುಳಿ ರಸ. ನಮ್ಮ ಮನೆಯಲ್ಲಿ ದೊಡ್ಡ ತೀರ್ಮಾನಗಳೆಲ್ಲ ತಟ್ಟೆಯ ಮುಂದೆಯೇ ಆಗುತ್ತಿದ್ದವು, ಬಾಯಲ್ಲಿ ತುತ್ತಿದ್ದವರು ಎದುರು ಮಾತಾಡಲಾರರು ಎಂಬುದು ಅಜ್ಜಿಯ ಉಪಾಯ. ನಮ್ಮದು ಎರಡು ಮಗ್ಗದ ಮನೆ ಎಂದು ನೂಲು ಕೊಡುವವರಲ್ಲಿ ಹೆಸರಿತ್ತು. ಒಂದು ಮಗ್ಗ ಖಾಲಿ ಬಿದ್ದು ಬಹಳ ದಿನವಾಗಿತ್ತು. ಇನ್ನೂ ಹಾಗೇ ಬಿಟ್ಟರೆ ಅದರ ನೂಲು ಬೇರೆ ಮನೆಗೆ ಹೋಗುತ್ತದೆ ಎಂದು ಅವರು ಹೇಳಿ ಕಳಿಸಿದ್ದರು. ಅಮಾವಾಸ್ಯೆಯ ದಿನ ನಮ್ಮವರು ಮಗ್ಗ ಮುಟ್ಟುವುದಿಲ್ಲ. ಮಾರನೆಯ ದಿನ ಆ ಖಾಲಿ ಮಗ್ಗಕ್ಕೆ ಹೊಸ ಹಾಸು, ಉದ್ದಕ್ಕೆ ಬಿಗಿಯುವ ಎಳೆಗಳು, ಏರಬೇಕು. ಅಜ್ಜಿ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು.

"ಕೇಳ್ರಪ್ಪಾ ಇಬ್ರೂ. ಅಮಾಸೆ ಒಳಗೆ ನಿನ್ನ ಪಡಗು ನೀರಿಗಿಳಿದ್ರೆ ನೀನು ನಿನ್ನ ದಾರಿ ನೋಡ್ಕೋ, ನಾ ತಡೆಯಲ್ಲ. ಇಳೀಲಿಲ್ಲ ಅಂದ್ರೆ ಬಾಯ್ಮುಚ್ಚಿ ನಿಮ್ಮಪ್ಪನ ಕುಣೀಲಿ ಕೂತ್ಕೋ."

"ಇಳಿದ್ರೆ ಆ ತರಿ ಯಾರು ನೇಯ್ತಾರೆ?" ಅಪ್ಪ ಕೇಳಿದ.

ಅಜ್ಜಿಯ ಸೌಟು ನನ್ನ ಕಡೆ ತಿರುಗಿತು.

"ಐದನೇ ಕ್ಲಾಸು ಮುಗೀತಲ್ಲ. ಹೆಸ್ರು ಬರೆಯೋಕೆ ಬರುತ್ತೆ. ಸಾಕು. ಇವಳು ಕೂತ್ಕೊಳ್ಳಲಿ."

ಅಮ್ಮ ತಮ್ಮನ ಬಾಯಿಗೆ ಇಡುತ್ತಿದ್ದ ತುತ್ತನ್ನು ಕೈಯಲ್ಲೇ ಹಿಡಿದಳು. ಅಪ್ಪ ಏನೂ ಹೇಳಲಿಲ್ಲ. ನಮ್ಮಪ್ಪ ಸುಮ್ಮನಿದ್ದರೆ ಅದು ಒಪ್ಪಿಗೆ. ಚಿಕ್ಕಪ್ಪ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರಿಗೂ ಒಂದೇ ಸಲ ಅರ್ಥವಾಯಿತು: ಕುಣಿ ಒಂದೇ, ಇಬ್ಬರಲ್ಲಿ ಒಬ್ಬರು ಅದರೊಳಗೆ. ಅಜ್ಜಿಗೆ ನಮ್ಮಿಬ್ಬರ ಪ್ರೀತಿ ಗೊತ್ತಿಲ್ಲದ್ದೇನಲ್ಲ. ಕತ್ತಿಯ ಎರಡು ಕಡೆಯೂ ಹರಿತ ಮಾಡಿ ಇಟ್ಟಳಲ್ಲ ಎಂದು ಈಗಲೂ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ.

ದೋಣಿ ನಮ್ಮ ಹಿತ್ತಿಲಿಗೆ ಬಂತು. ಚಿಕ್ಕಪ್ಪ ಒಳಗಿನ ಫೈಬರ್ ಚರ್ಮವನ್ನು ಸುತ್ತಲೂ ಕೊಯ್ದು ತೆಗೆದು, ಕೊಳೆತ ಮರವನ್ನು ಉಳಿಯಿಂದ ಕೆರೆದು ಬುಟ್ಟಿ ಬುಟ್ಟಿ ಹೊರಗೆ ಹಾಕಿದ. ಹೊರಗಿನ ಚರ್ಮ ಒಂದನ್ನು ಉಳಿಸಿಕೊಂಡ. ಕೊಳೆತ ಮರದ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಆಮೇಲೆ ಒಳಮೈಯನ್ನು ಉಜ್ಜತೊಡಗಿದಾಗ ಬಿಳಿಯ ಪುಡಿ ಏಳತೊಡಗಿತು. ಗಾಜಿನ ಪುಡಿ ಅದು. ಮೈಗೆ ತಾಗಿದರೆ ನವೆ. ಗಾಳಿ ಹಿತ್ತಿಲಿನಿಂದ ನಡುಮನೆಗೆ ಬೀಸುತ್ತಿದ್ದುದನ್ನು ಅವನು ಗಮನಿಸಲೇ ಇಲ್ಲ. ನಡುಮನೆಯಲ್ಲಿ ಅಪ್ಪನ ಮಗ್ಗದ ಮೇಲೆ ಮದುವೆ ಸೀರೆಯ ಹಾಸು ಬಿಗಿದಿತ್ತು. ಅಪ್ಪ ಒಮ್ಮೆ ಅಂಗೈಯಿಂದ ರೇಷ್ಮೆಯನ್ನು ಸವರಿದ, ಕೈ ಎತ್ತಿ ಬೆಳಕಿಗೆ ಹಿಡಿದ. ಅಂಗೈ ಮಿಣಮಿಣ ಎನ್ನುತ್ತಿತ್ತು. ಕುಣಿಯಿಂದ ಅವನು ಎದ್ದು ಬಂದದ್ದನ್ನು ನೆನೆಸಿಕೊಂಡರೆ ಈಗಲೂ ಹೆದರಿಕೆ.

"ಗಾಜು! ನನ್ನ ಹಾಸಿನ ಮೇಲೆ ಗಾಜು! ಎಳೆ ಎಳೆ ಕುಯ್ದು ಹಾಕುತ್ತಲ್ಲೋ ಇದು! ನಿನಗೆ ಕುಣಿ ಬೇಡ ಅಂದ್ರೆ ನನ್ನ ಕುಣೀಗೂ ಮಣ್ಣು ಹಾಕ್ತೀಯಾ ತಂಬಿ?"

"ನೋಡಿಲ್ಲ ಅಣ್ಣ. ಗಾಳಿ ಹಿಂಗೆ ತಿರುಗುತ್ತೆ ಅಂತ..."

"ನಿನಗೆ ಯಾವ್ದು ತಾನೆ ಕಂಡಿದೆ! ಎರಡು ತಲೆಮಾರಿನ ತರಿ ಕಾಣ್ಲಿಲ್ಲ, ಗಾಳಿ ಕಾಣುತ್ತಾ?"

ಅಪ್ಪನ ಕೈ ಮೇಲೆದ್ದಿತ್ತು. ಅಮ್ಮ ನಡುವೆ ಹೋಗಿ ನಿಂತಳು. ಆ ಸಂಜೆ ಅಮ್ಮ ಮತ್ತು ಅಜ್ಜಿ ಹಳೆಯ ಮೆತ್ತನೆಯ ಸೀರೆಯ ತುಂಡುಗಳನ್ನು ತಂದು ಇಡೀ ಹಾಸನ್ನು ಒತ್ತಿ ಒತ್ತಿ ಪುಡಿ ತೆಗೆದರು. ಚಿಕ್ಕಪ್ಪ ಹಿತ್ತಿಲ ಬಾಗಿಲಿಗೆ ಗೋಣಿ ತಾಟು ಕಟ್ಟಿದ. ಅಣ್ಣತಮ್ಮಂದಿರ ಮಾತು ಅಲ್ಲಿಗೆ ನಿಂತಿತು. ಅಮಾವಾಸ್ಯೆ ಹತ್ತಿರವಾಗುವವರೆಗೂ ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ನನ್ನ ಮೂಲಕ ಹೇಳಿಸುತ್ತಿದ್ದರು. ಪಕ್ಕದಲ್ಲೇ ನಿಂತಿದ್ದರೂ "ನಿಮ್ಮಪ್ಪಂಗೆ ಹೇಳು", "ನಿನ್ನ ಚಿಕ್ಕಪ್ಪಂಗೆ ಹೇಳು".

ಕೆಲಸ ಮಾತ್ರ ಓಡುತ್ತಿತ್ತು. ರಟ್ಟಿನಲ್ಲಿ ಹಿಂಬದಿಯ ಅಳತೆ ಕತ್ತರಿಸಿ, ಅದರ ಪ್ರಕಾರ ಎರಡು ಪ್ಲೈವುಡ್ ಹಲಗೆ ಕೊಯ್ದು, ರೆಸಿನ್ ಎಂಬ ಜೇನಿನಂಥ ಅಂಟಿನಿಂದ ಅವೆರಡನ್ನೂ ಒಂದು ಮಾಡಿದ. ಆ ಜೋಡಿ ಹಲಗೆಯನ್ನು ಹೊರಚರ್ಮಕ್ಕೆ ಒತ್ತಿ ಕೂರಿಸಲು ಅವನ ಬಳಿ ಸಾಕಷ್ಟು ಕ್ಲ್ಯಾಂಪುಗಳಿರಲಿಲ್ಲ. ತಾತನ ಮಗ್ಗದ ತೊಲೆಯನ್ನು ಅಡ್ಡ ಇಟ್ಟು, ಹಾಸು ಬಿಗಿಯುವ ಹಗ್ಗ ಸುತ್ತಿ, ಕೋಲು ತಿರುಗಿಸಿ ಬಿಗಿದ. ಕುಣಿಗೆ ಹೆದರುವವನಿಗೆ ಮಗ್ಗದ ವಿದ್ಯೆ ಕೈಯಲ್ಲೇ ಇತ್ತು. ಇನ್ನು ಉಳಿದದ್ದು ಒಳಗಿನ ಚರ್ಮ: ಗಾಜಿನ ನೂಲಿನ ಬಟ್ಟೆಯನ್ನು ಹಲಗೆಯ ಮೇಲೆ ಪದರ ಪದರವಾಗಿ ಹಾಸಿ, ರೆಸಿನ್ ಕುಡಿಸಿ, ದೋಣಿಯ ಪಕ್ಕೆಗಳವರೆಗೂ ಮಡಿಚಿ ಅಂಟಿಸಬೇಕು. ಬಟ್ಟೆ ಕೊಯಮತ್ತೂರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುರುಳಿಯಾಗಿ ಬಂದಿತ್ತು.

ನೇಕಾರರ ಮನೆಗೆ ಯಾವ ಬಟ್ಟೆ ಬಂದರೂ ಮೊದಲು ಅಜ್ಜಿ ಮುಟ್ಟಿ ನೋಡಬೇಕು. ಸುರುಳಿ ಬಿಚ್ಚಿದಳು. ಎರಡು ಬೆರಳ ನಡುವೆ ಉಜ್ಜಿದಳು, ಬೆಳಕಿಗೆ ಹಿಡಿದಳು.

"ಹಾಸೂ ಹೊಕ್ಕೂ ಪರವಾಗಿಲ್ಲ. ಎಳೆ ಒತ್ತಾಗಿಲ್ಲ. ಎಲ್ಲೋ ಇದರ ಅಂಚು?"

"ಇದಕ್ಕೆ ಅಂಚಿರಲ್ಲ ಅವ್ವ. ಉಡೋ ಬಟ್ಟೆಯಲ್ಲ."

"ಅಂಚಿಲ್ಲದ ಬಿಳೀ ಬಟ್ಟೆ ಏನಕ್ಕೆ ಅಂತ ನನಗೆ ಗೊತ್ತು," ಎಂದು ಅಜ್ಜಿ ಎದ್ದುಹೋದಳು. ಚಿಕ್ಕಪ್ಪ ನಕ್ಕ. ಆಮೇಲೆ ನನಗೆ ಹೇಳಿದ:

"ಇದನ್ನ ಒದ್ದೆ ಕೈಯಲ್ಲಿ ಮುಟ್ಬೇಡ ಕಣ್ಣು. ಒಂದು ಹನಿ ನೀರು ಕುಡಿದ್ರೂ ರೆಸಿನ್ನು ಕಚ್ಕೊಳ್ಳಲ್ಲ. ಮೇಲೆ ಚೆನ್ನಾಗೇ ಕಾಣುತ್ತೆ, ಒಳಗೆ ಬಿಟ್ಕೊಂಡಿರುತ್ತೆ."

ರೆಸಿನ್ ಗಟ್ಟಿ ಮಾಡುವ ಹನಿಮದ್ದು ಮುಗಿದಿತ್ತು. ಅದಕ್ಕೆಂದು ಅವನು ಒಂದು ದಿನ ಮತ್ತೆ ಕೊಯಮತ್ತೂರಿಗೆ ಹೋಗಿಬಂದ. ಮರುದಿನ ಬಟ್ಟೆ ಹಾಸಿದ. ಮೋಡ ಕವಿದ ದಿನ. ಸುರುಳಿಯ ಮೂಲೆಗಳಲ್ಲಿ ಅರಿಶಿನದ ಬೊಟ್ಟುಗಳಿದ್ದವು. ನಮ್ಮಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಮುಟ್ಟಿಸದೆ ಬಳಸುವುದಿಲ್ಲ. "ಅವ್ವನ ಕೆಲಸ," ಎಂದು ನಗುತ್ತ ಅವನು ಮೂಲೆಗಳನ್ನು ಕತ್ತರಿಸಿ ಎಸೆದ. ಬಟ್ಟೆ ಸ್ವಲ್ಪ ತಣ್ಣಗಿದೆ ಎಂದ, ಮೋಡ ಅಲ್ಲವೇ ಎಂದು ತಾನೇ ಸಮಾಧಾನ ಹೇಳಿಕೊಂಡ. ಪದರಗಳು ಗಟ್ಟಿಯಾದವು. ಮೇಲೆ ಹಸಿರು ಬಣ್ಣ ಬಿತ್ತು. ದೋಣಿ ಮದುಮಗಳ ಹಾಗೆ ನಿಂತಿತು. ಅತ್ತ ಅಪ್ಪನೂ ಸುಮ್ಮನಿರಲಿಲ್ಲ. ತಾತನ ಕುಣಿಯ ಹಲಗೆ ಸರಿಸಿ, ಜೇಡ ಗುಡಿಸಿ, ಮಗ್ಗದ ಚೌಕಟ್ಟು ನಿಲ್ಲಿಸಿ, ಕೆಳಗೆ ತುಳಿಹಲಗೆಗಳನ್ನು ಕಟ್ಟಿದ. ನಾನು ಶಾಲೆಯ ಚೀಲವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟೆ. ಕಣ್ಣಿಗೆ ಬೀಳದಿದ್ದರೆ ದುಃಖ ಕಡಿಮೆಯಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ.

ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ದೋಣಿ ನೀರಿಗೆ ಹೊರಟಿತು. ಸೇತುವೆ ಆಗಲೇ ಮುಳುಗಿತ್ತು, ದಡದಲ್ಲಿ ಜನ ಕಾಯುತ್ತಿದ್ದರು. ಮೊದಲ ಸವಾರಿಗೆ ಮನೆಯ ಹೆಣ್ಣು ಹತ್ತಬೇಕೆಂದು ಅಮ್ಮ ತಮ್ಮನನ್ನು ಎತ್ತಿಕೊಂಡು ತವರಿಗೆ ಹೊರಟು ನಿಂತಿದ್ದಳು, ತಲೆ ತುಂಬ ಹೂವು. ಹಿತ್ತಿಲಿಗೆ ಗಾಡಿ ಬಂದಿತ್ತು. ಚಿಕ್ಕಪ್ಪನಿಗೆ ಕಾಫಿ ಕೊಡಲು ಹೋದ ನಾನು ಲೋಟ ಕೊಟ್ಟು, ಅಭ್ಯಾಸಬಲದಿಂದ ಆ ಹಸಿರು ಹಲಗೆಯನ್ನು ಗೆಣ್ಣಿನಿಂದ ತಟ್ಟಿದೆ.

ಬದಿಯಲ್ಲಿ ಗಟ್ಟಿ. ನಡುವಿಗೆ ಬಂದರೆ ಡಬ್.

ಮತ್ತೆ ತಟ್ಟಿದೆ. ಇಂಜಿನ್ ಕೂರುವ ಜಾಗವೆಲ್ಲ ಡಬ್ ಡಬ್ ಡಬ್. ತಾತನ ಕುಣಿಯ ಮೇಲಿನ ಹಲಗೆಯ ಸದ್ದೇ. ಮೂಲೆಯಲ್ಲಿ ಆ ಪ್ಲಾಸ್ಟಿಕ್ ಚೀಲ ಬಿದ್ದಿತ್ತು. ಎತ್ತಿ ಒಳಗೆ ನೋಡಿದೆ. ಚೀಲದ ಒಳಮೈಗೆ ಹಳದಿ ಹನಿಗಳು ಅಂಟಿದ್ದವು, ತಳದಲ್ಲಿ ಬಾಡಿದ ಒಂದೆರಡು ಬೇವಿನ ಎಲೆ. ಚೀಲ ಹಿಡಿದು ಅಡುಗೆಮನೆಗೆ ಓಡಿದೆ.

"ಅಜ್ಜಿ, ಬಟ್ಟೆಗೆ ನೀರು ಹಾಕಿದ್ಯಾ?"

"ನೀರಲ್ಲ ಕಣೇ, ಅರಿಶಿನದ ನೀರು. ಬೇವಿನ ಸೊಪ್ಪಲ್ಲಿ ಪೂರಾ ಚಿಮುಕಿಸಿ, ಮಡಿಸಿ, ಹಂಗೇ ಒಳಗಿಟ್ಟೆ," ಅಜ್ಜಿ ದನಿ ತಗ್ಗಿಸಿದಳು. "ಅಂಚಿಲ್ಲದ ಬಿಳೀ ಬಟ್ಟೆ ಹೆಣಕ್ಕೆ ಸುತ್ತೋದು. ಅದನ್ನ ಹಂಗೇ ಸುತ್ತಿ ನನ್ನ ಮಗನ್ನ ನಡುನೀರಿಗೆ ಕಳಿಸ್ಲಾ? ಬಾಯಲ್ಲಿ ಬೈದ್ರೂ ಹೊಟ್ಟೇಲಿ ಹುಟ್ಟಿದ್ದಲ್ವಾ ಅದು?"

"ನೀರು ಬಿದ್ರೆ ಕಚ್ಕೊಳ್ಳಲ್ಲ ಅಜ್ಜಿ. ಚಿಕ್ಕಪ್ಪ ಹೇಳಿದ್ದ. ಹಲಗೆ ಟೊಳ್ಳು ಹೊಡೀತಿದೆ."

ಅಜ್ಜಿ ನನ್ನನ್ನೇ ನೋಡುತ್ತ ಒಲೆಯ ಪಕ್ಕ ಕುಸಿದು ಕೂತಳು. ಅಂಥ ಮುಖವನ್ನು ನಾನು ಅವಳಲ್ಲಿ ಅದುವರೆಗೆ ನೋಡಿರಲಿಲ್ಲ.

"ನಾನು ಹಾಕ್ದೆ ಅಂತ ಮಾತ್ರ ಹೇಳ್ಬೇಡ ಕಣ್ಣು. ಕುಣೀಗೆ ಕೂರಿಸೋಕೆ ಬೇಕೂಂತ್ಲೇ ಕೆಡಿಸಿದ್ಲು ಅಂತಾನೆ ಅವನು. ಸಾಯೋವರೆಗೂ ಮುಖ ನೋಡಲ್ಲ."

ಹಿತ್ತಿಲಿನಲ್ಲಿ ದೋಣಿಯನ್ನು ಗಾಡಿಗೆ ಏರಿಸಲು ಹಗ್ಗ ಹಾಕಿದ್ದರು. ನಾನು ಹೋಗಿ ಚಿಕ್ಕಪ್ಪನ ಕೈ ಹಿಡಿದುಕೊಂಡೆ.

"ಹೋಗ್ಬೇಡ ಚಿಕ್ಕಪ್ಪ. ಹಲಗೆ ಒಳಗೆ ಬಿಟ್ಕೊಂಡಿದೆ. ಡಬ್ ಅಂತಿದೆ."

ಅವನು ಅಂಗೈಯಿಂದ ದಪದಪ ಬಡಿದ. "ಗಟ್ಟಿಯಾಗಿದೆಯಲ್ಲ!"

"ಅಂಗೈಲಿ ಗೊತ್ತಾಗಲ್ಲ. ಗೆಣ್ಣಲ್ಲಿ ಹೊಡಿ."

"ಸುಮ್ಮಾ ಇರು ಪಾಪ, ಜನ ಕಾಯ್ತವ್ರೆ."

ಆಗ ಅಪ್ಪ, ಅಷ್ಟು ದಿನ ಚಿಕ್ಕಪ್ಪನ ಕಡೆ ತಿರುಗದಿದ್ದವನು, ಬಾಗಿಲಲ್ಲಿ ನಿಂತು ನಕ್ಕ. ಒಳ್ಳೆಯ ನಗು ಅಲ್ಲ.

"ಅವಳ ಮಾತು ಕೇಳ್ಬೇಡ. ಇಸ್ಕೂಲಿನ ಆಸೆ ಅದು. ಪಡಗು ಇವತ್ತು ಇಳೀದಿದ್ರೆ ತಾನು ಕುಣೀಗೆ ಇಳಿಯೋದು ತಪ್ಪುತ್ತೆ ಅಂತ ಲೆಕ್ಕ."

ಚಿಕ್ಕಪ್ಪ ನನ್ನ ಕೈ ಬಿಡಿಸಿಕೊಂಡ. ಬೈದಿದ್ದರೆ ಪರವಾಗಿರಲಿಲ್ಲ. "ನೀನೂನಾ ಕಣ್ಣು?" ಅಂದ, ಅಷ್ಟೆ. ನಿಜ ಹೇಳಿದರೆ ಸಾಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆ ನಿಜದಿಂದ ನಮಗೇ ಲಾಭವಿದ್ದರೆ ಅದನ್ನು ಯಾರೂ ನಂಬುವುದಿಲ್ಲ ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಚೀಲವನ್ನು ಮುಂದೆ ಹಿಡಿದರೆ ನಂಬುತ್ತಾರೆ. ಆದರೆ ಚೀಲದ ಒಳಗೆ ಅಜ್ಜಿ ಇದ್ದಳು. ಅಮ್ಮ ತಮ್ಮನ ತಲೆಗೆ ಸೆರಗು ಹೊದಿಸಿ ಚಪ್ಪಲಿ ಮೆಟ್ಟುತ್ತಿದ್ದಳು. ಬೀದಿಯಿಂದ ಯಾರೋ ಕರೆದರು. ಚಿಕ್ಕಪ್ಪ ತಮಿಳಿನಲ್ಲಿ "ಇರುಂಗ, ಇದೋ ವರೇನುಂಗ," ಎಂದು ಕೂಗಿದ, ಇರಿ, ಇದೋ ಬಂದೆ ಎಂದು. ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ತಿರುಗಿ ನಡುಮನೆಗೆ ನಡೆದೆ. ತಾತನ ಮಗ್ಗದ ಮುಂದೆ ನಿಂತು, ಲಂಗ ಎತ್ತಿ ಹಿಡಿದು, ಕುಣಿಗೆ ಇಳಿದು, ಒಳಗಿನ ಮಣ್ಣಿನ ಕಟ್ಟೆಯ ಮೇಲೆ ಕೂತೆ.

ಒಳಗೆ ತಂಪು. ಹಳೆಯ ಮಣ್ಣಿನ ವಾಸನೆ. ಎದೆಯವರೆಗೂ ನೆಲ ಬಂದಿತ್ತು.

"ಅಪ್ಪಾ!" ಎಂದು ಕೂಗಿದೆ. ಅಷ್ಟು ಜೋರಾಗಿ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಕೂಗಿದ್ದೇ ಇಲ್ಲ. "ನಾ ಕೂತಾಯ್ತು! ಪಡಗು ಹೋದ್ರೂ ನಾನೇ ಕೂರ್ತೀನಿ, ಹೋಗದಿದ್ರೂ ನಾನೇ ಕೂರ್ತೀನಿ. ನಮ್ಮನೆ ದೇವ್ರು ಚೌಡಮ್ಮನ ಆಣೆ. ಈಗ ಹೇಳ್ತೀನಿ ಕೇಳಿ, ಹಲಗೆ ಟೊಳ್ಳು! ಅಮ್ಮನ್ನ ಹತ್ತಿಸ್ಬೇಡಿ!"

ಎಲ್ಲರೂ ಬಾಗಿಲಿಗೆ ಬಂದರು. ಮೊದಲು ಅಲುಗಿದವಳು ಅಮ್ಮ. ಚಪ್ಪಲಿ ಬಿಚ್ಚಿ ಮನೆಯೊಳಗೆ ಬಂದು, ತಮ್ಮನನ್ನು ಎತ್ತಿಕೊಂಡೇ ನನ್ನ ಪಕ್ಕದ ನೆಲದ ಮೇಲೆ ಕೂತಳು. ಇನ್ನು ಅವಳನ್ನು ಯಾರೂ ಎಬ್ಬಿಸಲಾರರು ಎಂದು ಆ ಕೂರುವಿಕೆಯಲ್ಲೇ ತಿಳಿಯುತ್ತಿತ್ತು. ಚಿಕ್ಕಪ್ಪ ನನ್ನನ್ನೇ ನೋಡುತ್ತ ನಿಂತಿದ್ದ. ಅವನಿಗೆ ಕುಣಿ ಏನೆಂದು ಗೊತ್ತಿತ್ತು. ಸರಕ್ಕನೆ ತಿರುಗಿ ಹಿತ್ತಿಲಿಗೆ ಹೋದ. ಗೆಣ್ಣಿನ ಸದ್ದು ಕೇಳಿತು, ಬದಿಯಿಂದ ನಡುವಿಗೆ. ಆಮೇಲೆ ಉಳಿಯ ಮೇಲೆ ಸುತ್ತಿಗೆಯ ಒಂದು ಏಟು. ಆಮೇಲೆ ಹರಿಯುವ ಸದ್ದು, ಉದ್ದಕ್ಕೆ, ಬಟ್ಟೆ ಹರಿದಂತಲ್ಲ, ಹಳೆಯ ಚಾಪೆ ನೆಲದಿಂದ ಎದ್ದಂತೆ.

ಅವನು ಹಾಸಿದ್ದ ಪದರಗಳೆಲ್ಲ ಒಟ್ಟಿಗೆ ಒಂದೇ ತುಂಡಾಗಿ ಕೈಗೆ ಬಂದಿದ್ದವು. ಅದನ್ನು ಹಿಡಿದುಕೊಂಡು ನಡುಮನೆಗೆ ಬಂದ. ಮೇಲೆ ಹೊಳೆಯುವ ಹಸಿರು. ತಿರುಗಿಸಿದರೆ ಒಳಗೆ ಹಾಲು ಚೆಲ್ಲಿದಂತೆ ಬಿಳಿ ಬಿಳಿ ಮಚ್ಚೆ, ನಡುನಡುವೆ ಸಣ್ಣ ಹಳದಿ ಚುಕ್ಕೆಗಳು. ಅವನು ಆ ಚುಕ್ಕೆಗಳನ್ನು ನೋಡಿದ. ಅಪ್ಪನೂ ನೋಡಿದ. ನಾನು ಬಾಯಿ ಬಿಡಲಿಲ್ಲ.

"ನಾನೇ," ಅಂದಳು ಅಜ್ಜಿ, ಅಡುಗೆಮನೆಯ ಬಾಗಿಲಿನಿಂದ. "ನಾನೇ ಚಿಮುಕಿಸಿದ್ದು. ಅಂಚಿಲ್ದೆ ಇತ್ತು. ನಿನಗೇನಾದ್ರೂ ಆದ್ರೆ ಅಂತ ಭಯ ಆಯ್ತು."

ಅಪ್ಪ ಏನೋ ಹೇಳಲು ಹೋದ. ಚಿಕ್ಕಪ್ಪ ಅವನ ತೋಳಿನ ಮೇಲೆ ಕೈಯಿಟ್ಟ. ಅಷ್ಟು ದಿನದ ಮೇಲೆ ಅವರಿಬ್ಬರ ಮೈ ಮೈ ತಾಗಿದ್ದು ಆಗಲೇ.

"ನನಗೆ ಗೊತ್ತು ಅವ್ವ," ಅಂದ ಚಿಕ್ಕಪ್ಪ. "ಕೆಡಿಸೋಳಾದ್ರೆ ನೀನು ಅರಿಶಿನ ಹಾಕ್ತಿರ್ಲಿಲ್ಲ." ಆಮೇಲೆ ನನ್ನ ಕಡೆ ನೋಡಿ, "ಏಳು ಕಣ್ಣು. ನಾಳಿದ್ದು ನಾನು ಕೂರ್ತೀನಿ. ಮಾತು ಅಂದ್ರೆ ಮಾತು," ಎಂದ. ಹೇಳುವಾಗಲೇ ಅವನ ಹಣೆಯಲ್ಲಿ ಬೆ‌ವರು.

"ಇಲ್ಲ. ನಾನು ಆಣೆ ಹಾಕಿದ್ದೀನಿ," ಅಂದೆ ನಾನು. ನಮ್ಮ ಮನೆಯ ಹಟ ನನಗೂ ಬಂದಿತ್ತಲ್ಲ.

ಅಜ್ಜಿ ಕುಣಿಯ ಹತ್ತಿರ ಬಂದಳು. ಬಗ್ಗಿ ಒಳಗೆ ನೋಡಿದಳು. ನನ್ನ ಕಾಲುಗಳು ತೂಗಾಡುತ್ತಿದ್ದವು. ತುಳಿಹಲಗೆಗೂ ನನ್ನ ಹೆಬ್ಬೆರಳಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗವಿತ್ತು. ಊಟದ ಮುಂದೆ ಸೌಟು ತಿರುಗಿಸಿ ತೀರ್ಪು ಕೊಟ್ಟವಳಿಗೆ, ಮಗ್ಗ ನಿಲ್ಲಿಸಿದ ಅಪ್ಪನಿಗೆ, ಇಷ್ಟು ದಿನ ಯಾರಿಗೂ ಇದು ಹೊಳೆದಿರಲಿಲ್ಲ.

"ಏಳೇ," ಅಂದಳು. "ಕಾಲು ಎಟುಕಲ್ಲ ನಿನಗೆ. ಆಣೆ ಚೌಡಮ್ಮಂಗೆ ನಾನು ಹೇಳ್ಕೋತೀನಿ. ಎಟುಕಿದಾಗ ಕೂರುವಂತೆ."

ನನ್ನನ್ನು ರೆಟ್ಟೆ ಹಿಡಿದು ಎತ್ತಿ, ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ಅವಳೇ ಇಳಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯಲ್ಲಿ ಅವಳು ನೇಯುತ್ತಿದ್ದಳಂತೆ, ನಮಗಾರಿಗೂ ಗೊತ್ತಿರಲಿಲ್ಲ. ಮಂಡಿ ಲಟಕ್ ಎಂದಿತು. ಹಲಗೆ ತುಳಿದಳು. ಬರಿ ಮಗ್ಗ ಕಿರ್ ಎಂದು ಬಾಯಿ ತೆರೆಯಿತು.

"ನಿಂತ್ಕೊಂಡು ಏನ್ ನೋಡ್ತೀರಾ? ಒಬ್ರು ಹೋಗಿ ಜನಕ್ಕೆ ಹೇಳಿ, ಪಡಗು ಇವತ್ತು ಇಲ್ಲ ಅಂತ."

ಎರಡನೆಯ ಸಲ ಬಟ್ಟೆ ಬಂದಾಗ ಅಪ್ಪನೇ ಅದನ್ನು ಬೀದಿಯಲ್ಲಿ, ಹಾಸು ಒಣಗಿಸುವ ಕಂಬಗಳ ನಡುವೆ, ಬಿಸಿಲಿಗೆ ಕಟ್ಟಿದ. ಅಜ್ಜಿ ಕೋಲು ಹಿಡಿದು ಕಾವಲು ಕೂತಳು. ಮಿಂದು ಒದ್ದೆ ತಲೆಯಲ್ಲಿ ಬಂದ ಪಕ್ಕದ ಮನೆಯ ಹೆಂಗಸನ್ನು ಬೈದು ದೂರ ಕಳಿಸಿದಳು. ಪದರಗಳು ಒಣಗಿ ಬಣ್ಣ ಬಿದ್ದ ಮೇಲೆ ಚಿಕ್ಕಪ್ಪ ನನ್ನನ್ನು ಕರೆದು ತಟ್ಟಿ ನೋಡು ಅಂದ. ಕಣ್ಣು ಮುಚ್ಚಿ ಬದಿಯಿಂದ ಬದಿಗೆ ತಟ್ಟಿದೆ. ಎಲ್ಲೂ ಸದ್ದಿಲ್ಲ, ಬಾಗಿಲಿನಿಂದ ಅಡುಗೆಮನೆಯವರೆಗಿನ ನಮ್ಮ ನೆಲದ ಹಾಗೆ. ಆಗ ಅವನು ಸಣ್ಣ ಕುಂಚ ತೆಗೆದುಕೊಂಡು ಆ ಹಸಿರು ಹಲಗೆಯ ಸುತ್ತ ಎರಡು ಬೆರಳ ಅಗಲದ ಕೆಂಪು ಪಟ್ಟಿ ಎಳೆದ.

"ಇಗೋ ಅವ್ವ, ಅಂಚು."

ಅಜ್ಜಿ ಬಹಳ ಹೊತ್ತು ನೋಡಿ, ಪಟ್ಟಿ ಸ್ವಲ್ಪ ಸೊಟ್ಟಗಿದೆ ಅಂದಳು. ಆಮೇಲೆ ಅದರ ಮೇಲೆ ಒಣ ಅರಿಶಿನದ ಬೊಟ್ಟಿಟ್ಟಳು. ಆ ಹಲಗೆ ಎಷ್ಟೋ ಮಳೆಗಾಲ ಜನರನ್ನು ದಾಟಿಸಿತು. ಕೊಳ್ಳೇಗಾಲದ ಚಿಕ್ಕಮ್ಮನನ್ನು ಆಚೆ ದಡದ ದೇವರಿಗೆ ಕರೆದುಕೊಂಡು ಹೋದದ್ದೂ ಆ ದೋಣಿಯಲ್ಲೇ.

ಅಜ್ಜಿ ಆ ಕುಣಿಯಲ್ಲಿ ಕೂತು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ನನ್ನನ್ನು ಶಪಿಸುತ್ತ, ನಾನು ಹೈಸ್ಕೂಲು ಮುಗಿಸುವವರೆಗೂ ನೇಯ್ದಳು. ಶಾಲೆಗೆ ಹೊರಡುವಾಗ ದಿನವೂ ಅವಳ ಪಕ್ಕ ಕಟ್ಟೆಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ನೋಡುತ್ತಿದ್ದೆ. ಅವಳು ತಲೆಯೆತ್ತದೆ "ಇನ್ನೂ ಇಲ್ಲ, ಓಡು," ಅನ್ನುತ್ತಿದ್ದಳು. ಕಾಲು ಎಂದೋ ಎಟುಕುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊನೆಯ ಪರೀಕ್ಷೆ ಬರೆದು ಬಂದ ದಿನ ನನ್ನನ್ನು ಯಾರೂ ಕರೆಯಲಿಲ್ಲ. ಚೀಲ ಇಟ್ಟು, ಅಜ್ಜಿಯ ರೆಟ್ಟೆ ಹಿಡಿದು ಮೇಲಕ್ಕೆತ್ತಿ, ನಾನೇ ಇಳಿದು ಕೂತೆ.